ಒಂದು ತಾಸಿನ ಹಿರಿತನ

ಐನಾಪುರದ ಹೊಳೆದಂಡಿ ವಿದ್ಯಾಮಂಡಳಿಯ ಹೈಸ್ಕೂಲಿನಲ್ಲಿ ಸಾವಿರದ ಒಂಬೈನೂರಾ ಎಂಬತ್ತೆಂಟನೆಯ ಇಸವಿಯಲ್ಲಿ ಇಬ್ಬರು ಇತಿಹಾಸದ ಮಾಸ್ತರರು ಬಡಿದಾಡಿದರಲ್ಲ, ಅದರ ಮುಂದೆ ಕುರುಕ್ಷೇತ್ರ ಅಂದರೆ ಹುಡುಗರ ಚಿಣ್ಣಿದಾಂಡು. ಕುರುಕ್ಷೇತ್ರಕ್ಕೆ ಹದಿನೆಂಟು ಅಕ್ಷೋಹಿಣಿ ದಂಡು ಬೇಕಾಯಿತು, ಹದಿನೆಂಟು ದಿನ ಹಿಡಿಯಿತು. ಇಲ್ಲಿ ಇಬ್ಬರೇ ಆಳು, ಒಂದೇ ವಾರ. ಆ ವಾರದಲ್ಲಿ ಉದುರಿದ ಹಲ್ಲುಗಳನ್ನು ಆರಿಸಿಟ್ಟಿದ್ದರೆ ಜೋಳದ ಚೀಲ ತುಂಬುತ್ತಿತ್ತು. ಒಂದು ಹಲ್ಲಂತೂ ಹಾರಿ ಹೋಗಿ ಕುಡಚಿ ಸ್ಟೇಷನ್ನಿನ ಗಂಟೆಗೆ ಬಡಿದು, ಮಿರಜಿಗೆ ಹೋಗುವ ಗಾಡಿ ಹೊತ್ತಿಗೆ ಮುಂಚೆಯೇ ಹೊರಟುಬಿಟ್ಟಿತು. ಸುಳ್ಳು ಎನ್ನುವವರು ಆ ಗಾಡಿ ತಪ್ಪಿಸಿಕೊಂಡವರನ್ನು ಕೇಳಬಹುದು. ಇನ್ನೂ ಶಾಪ ಹಾಕುತ್ತಿದ್ದಾರೆ.

ಇಬ್ಬರಲ್ಲಿ ಒಬ್ಬ ಜಿನ್ನಪ್ಪ. ಅವನನ್ನು ನೋಡಿದವರು ಈ ಮನುಷ್ಯ ಕೈ ಎತ್ತಿಯಾನು ಎಂದು ಕನಸಿನಲ್ಲೂ ಎಣಿಸುವಂತಿರಲಿಲ್ಲ. ಒಣಗಿದ ಕಬ್ಬಿನ ಸೋಗೆಯಂಥ ಮೈ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ, ಸೋಸದೆ ನೀರು ಕುಡಿಯದ ಜೈನರ ಮನೆಯ ಮಗ. ಸೊಳ್ಳೆ ಮೈಮೇಲೆ ಕೂತರೆ ‘ಹೋಗವ್ವಾ, ಹೋಗು’ ಎಂದು ಊದಿ ಕಳಿಸುತ್ತಿದ್ದ. ಆದರೆ ಹುಡುಗರ ಕಿವಿಗಳ ಬಗ್ಗೆ ಯಾವ ಶಾಸ್ತ್ರದಲ್ಲೂ ಬರೆದಿಲ್ಲವೆಂದು ಅವನ ನಂಬಿಕೆ. ಹದಿನಾಲ್ಕು ವರ್ಷ ಕಿವಿ ಹಿಂಡಿ ಹಿಂಡಿ ಅವನ ಬಲಗೈಯ ಎರಡು ಬೆರಳು ಕಮ್ಮಾರನ ಇಕ್ಕಳವಾಗಿದ್ದವು. ಸುತ್ತಲಿನ ಏಳು ಊರುಗಳಲ್ಲಿ ಮೂವತ್ತರ ಒಳಗಿನ ಗಂಡಸರಿಗೆಲ್ಲ ಎಡಗಿವಿ ಬಲಗಿವಿಗಿಂತ ಎರಡು ಬೆರಳು ಉದ್ದವಿದ್ದರೆ, ಅದು ಅವನ ಪ್ರಸಾದ.

ಇನ್ನೊಬ್ಬ ಮಲಕಾರಿ. ಕುರಿ ಕಾಯುವವರ ಮನೆಯಿಂದ ಬಂದವ, ತಾಲೀಮಿನ ಮಣ್ಣಿನಲ್ಲಿ ಹೊರಳಿ ಬೆಳೆದ ಪೈಲವಾನ. ಅವನು ಸೀನಿದರೆ ಹಲಗೆಯ ಮೇಲೆ ಬರೆದದ್ದು ಅಳಿಸಿಹೋಗುತ್ತಿತ್ತು. ಇಬ್ಬರೂ ಜುಗೂಳದವರು, ಒಂದೇ ಓಣಿಯಲ್ಲಿ ಆಡಿದವರು. ಮಾಸ್ತರಿಕೆಗೆ ಒಂದೇ ದಿನ ಸೇರಿದರು. ಎಂ.ಎ. ಪರೀಕ್ಷೆಗೆ ಖಾಸಗಿಯಾಗಿ ಕೂತಾಗಲೂ ಒಂದೇ ಪುಸ್ತಕವನ್ನು ನಡುವೆ ಹರಿದುಕೊಂಡು, ಇವನು ಪಾಣಿಪತದವರೆಗೆ, ಅವನು ಪಾಣಿಪತದಿಂದ ಮುಂದಕ್ಕೆ ಓದಿ, ಆಮೇಲೆ ಅದಲುಬದಲು ಮಾಡಿಕೊಂಡು, ಧಾರವಾಡದ ಬಸ್ಸಿನಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಜೊಲ್ಲು ಸುರಿಸಿ ಮಲಗಿ ಪಾಸಾದವರು. ಇಷ್ಟು ಗೆಳೆತನವಿದ್ದರೇನೇ ಅಷ್ಟು ಚೆನ್ನಾಗಿ ಹೊಡೆದಾಡಲು ಬರುವುದು.

ಆ ವರ್ಷ ಮಂಡಳಿಯವರು ಹೈಸ್ಕೂಲಿಗೆ ಹತ್ತಿಸಿ ಜೂನಿಯರ್ ಕಾಲೇಜು ತೆರೆದರು. ಇತಿಹಾಸಕ್ಕೆ ಒಂದೇ ಲೆಕ್ಚರರ್ ಜಾಗ. ಹೈಸ್ಕೂಲಿನ ಮಾಸ್ತರರಲ್ಲೇ ಒಬ್ಬರನ್ನು ಮೇಲೇರಿಸುವುದೆಂದು ಠರಾವಾಯಿತು.

ಅಂಥದೊಂದು ಜಾಗಕ್ಕಾಗಿ ಜಿನ್ನಪ್ಪ ಎಂಟು ವರ್ಷದಿಂದ ಕಾದಿದ್ದ. ಅವನ ಮಾವ ಬಾಪುಸಾಹೇಬರು ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಅವರ ದೊಡ್ಡ ಅಳಿಯ ಚಿಕ್ಕೋಡಿಯಲ್ಲಿ ಲೆಕ್ಚರರ್. ಅಳಿಯಂದಿರಿಬ್ಬರೂ ಒಟ್ಟಿಗೆ ಹೋದ ದಿನ ಮಾವ ಬಾಗಿಲಿಗೆ ಬಂದು, “ಪ್ರೊಫೆಸರ ಸಾಹೇಬ್ರು ಬಂದ್ರು, ಕೂಡಾಕ ಮಣಿ ಹಾಕ್ರಿ!” ಎಂದು ಮನೆ ಅದುರುವಂತೆ ಕೂಗುತ್ತಿದ್ದರು. ಆಮೇಲೆ ಜಿನ್ನಪ್ಪನ ಕಡೆ ತಿರುಗಿ, “ನಮ್ಮ ಮಾಸ್ತರೂ ಬಂದಾನ,” ಎನ್ನುತ್ತಿದ್ದರು. ಆ ‘ಬಂದಾನ’ ಎಂಬುದು ಜಿನ್ನಪ್ಪನ ಹೊಟ್ಟೆಯಲ್ಲಿ ಎಂಟು ವರ್ಷದಿಂದ ಕರಗದೆ ಕೂತಿತ್ತು. ಅದರ ಮೇಲೆ ಎಷ್ಟು ಹೋಳಿಗೆ ಹಾಕಿದರೂ ಮೇಲೆ ತೇಲಿ ಬರುತ್ತಿತ್ತು.

ಮಂಡಳಿಯ ಹಿರಿಯ ಕಾರಕೂನ ಭೀಮಸಿ ಇಬ್ಬರನ್ನೂ ಕಚೇರಿಗೆ ಕರೆಸಿದ. ಕಾಯದೆ ಎಂದರೆ ಭೀಮಸಿಗೆ ಹೆತ್ತ ಮಗು. ಅದನ್ನು ಯಾರಾದರೂ ಜೋರಾಗಿ ಮುಟ್ಟಿದರೂ ಅವನಿಗೆ ನೋವಾಗುತ್ತಿತ್ತು.

“ನೋಡ್ರಿ ಸರ,” ಎಂದು ಎರಡೂ ಸರ್ವಿಸ್ ಬುಕ್ಕು ತೆರೆದಿಟ್ಟ. “ಎಂ.ಎ. ಸೆಕೆಂಡ್ ಕ್ಲಾಸ್ ಬೇಕು, ಇಬ್ರದೂ ಐತಿ. ಹತ್ತು ವರ್ಷ ಸರ್ವಿಸ್ ಬೇಕು, ಇಬ್ರದೂ ಹದಿನಾಕು ಆಗೇತಿ. ಪೊಲೀಸ್ ಕೇಸ್ ಇರಬಾರ್ದು, ಅದೂ ಇಲ್ಲ. ಇನ್ನ ಇಬ್ರಾಗ ಸೀನಿಯರ್ ಯಾರು ಅಂತ ನೋಡಿದ್ರ, ಹಾಜರಾಗಿದ್ದು ಇಬ್ರೂ ಎಪ್ಪತ್ನಾಕನೇ ಇಸ್ವಿ ಜೂನ್ ಹದಿನೈದು, ಮುಂಜಾನಿ. ಹೀಂಗ ಸರಿಸಮ ಆದ್ರ ವಯಸ್ಸಿನ್ಯಾಗ ಹಿರ್ಯಾರಿಗೆ ಕೊಡಬೇಕಂತ ಕಾಯದಾ ಐತಿ. ಹುಟ್ಟಿದ ತಾರೀಖು ತಗದು ನೋಡಿದೆ.”

“ಹಾಂ?” ಎಂದರು ಇಬ್ಬರೂ.

“ಇಬ್ರದೂ ಒಂದು ಜೂನ್ ನಲವತ್ತೆಂಟು.”

ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಜುಗೂಳದಲ್ಲಿ ಶಾಲೆ ತೆರೆದದ್ದು ಐವತ್ನಾಲ್ಕರಲ್ಲಿ, ಇನ್ನೂ ಮುಂಬಯಿ ಸರಕಾರದ ಕಾಲ. ಮೊದಲ ದಿನವೇ ಮೂವತ್ತೊಂದು ಹುಡುಗರನ್ನು ಹಿಡಿದು ತಂದು ಸಾಲಾಗಿ ನಿಲ್ಲಿಸಿದರು. ಯಾರಿಗೂ ಹುಟ್ಟಿದ ದಿನ ಗೊತ್ತಿಲ್ಲ. ಆಬಾಸಾಹೇಬ ಎಂಬ ಮುದಿ ಮಾಸ್ತರರು ಪ್ರತಿಯೊಬ್ಬನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿದವನಿಗೆ ಆರು ವರ್ಷ ತುಂಬಿತೆಂದು ಲೆಕ್ಕ. ಆ ಹೊತ್ತಿಗೆ ಕೆಲವರ ಕೈ ಕಿವಿ ದಾಟಿ ಗದ್ದ ತುರಿಸುತ್ತಿತ್ತು. ಒಬ್ಬಿಬ್ಬರು ಚಿಗುರುಮೀಸೆ ತೀಡಿಕೊಂಡರೆಂದೂ ಹೇಳುತ್ತಾರೆ. ಮಾಸ್ತರರು ಎಲ್ಲರಿಗೂ ಒಂದೇ ತಾರೀಖು ಎಳೆದರು. ಹೀಗೆ ಜುಗೂಳದ ಮೂವತ್ತೊಂದು ತಾಯಂದಿರು ಒಂದೇ ದಿನ ಹೆತ್ತರು. ಆ ದಿನ ಸೂಲಗಿತ್ತಿಯ ಗತಿ ಏನಾಗಿತ್ತೋ!

“ನಾ ಇವಗಿಂತ ಹಿರ್ಯಾ ಅದೀನಿ,” ಎಂದ ಜಿನ್ನಪ್ಪ.

“ಯಾಂವ? ನೀನಾ?” ಮಲಕಾರಿ ನಕ್ಕ. “ಲೇ ಜಿನ್ನ್ಯಾ, ಸಾಲ್ಯಾಗ ನಿನ್ನ ಮೂಗು ಒರಸಾಂವ ನಾನು. ಚಡ್ಡಿ ಗುಂಡಿ ಹಾಕಾಂವ ನಾನು.”

“ನಿನಗ ಚಡ್ಡೀನ ಇರಲಿಲ್ಲಲೋ! ಕಂಬಳಿ ಸುತ್ತಿಗೊಂಡು ಬರ್ತಿದ್ದಿ.”

ಹೋಗಲಿ, ಕಂಬಳಿ ಎಂದದ್ದೂ ಸರಿ. ಆದರೆ ಜಿನ್ನಪ್ಪ ಅದಕ್ಕೆ, “ಕುರಿ ಹಿಕ್ಕಿ ವಾಸನಿ ಇನ್ನೂ ಹೋಗಿಲ್ಲ,” ಎಂದು ಸೇರಿಸಿದ. ಅಲ್ಲಿಗೆ ಮಾತು ಮುಗಿಯಿತು.

ಮಲಕಾರಿಯ ಅಂಗೈ ಬಂದು ಜಿನ್ನಪ್ಪನ ದವಡೆಗೆ ಬಿದ್ದ ಸಪ್ಪಳಕ್ಕೆ ಮೂರು ಫರ್ಲಾಂಗು ದೂರದ ಎತ್ತುಗಳು ನೊಗ ಕಿತ್ತುಕೊಂಡು ಓಡಿದವು. ಜಿನ್ನಪ್ಪ ಗೋಡೆಗೆ ಬಡಿದು, ಅಲ್ಲಿಂದ ಪುಟಿದು ಬಂದು, ತನ್ನ ಇಕ್ಕಳದಿಂದ ಮಲಕಾರಿಯ ಕಿವಿ ಹಿಡಿದು ತಿರುವಿದ. ಪೈಲವಾನನ ಬಾಯಿಂದ ಹೊರಟ ಕೂಗು ಅಥಣಿಯ ಬಜಾರದಲ್ಲಿ ಕೇಳಿಸಿತು. ಕಿವಿಯ ಬುಡ ಹರಿದು ರಕ್ತ ಕತ್ತಿನ ಗುಂಟ ಇಳಿಯಿತು. ಮಲಕಾರಿ ಅವನನ್ನು ಹೆಗಲ ಮೇಲಿಂದ ಎತ್ತಿ, ಅಗಸ ಬಟ್ಟೆ ಒಗೆಯುವ ಹಾಗೆ ಕಬ್ಬಿಣದ ಕಪಾಟಿಗೆ ಒಗೆದ. ಕಪಾಟು ನೆಗ್ಗಿ ಬೋರಲು ಬಿತ್ತು. ಜಿನ್ನಪ್ಪ ಎದ್ದು ಮಸಿಯ ಬಾಟಲಿ ಬೀಸಿದ. ಅದು ಮಲಕಾರಿಯ ಹುಬ್ಬಿಗೆ ಬಡಿದು ಒಡೆದು, ನೀಲಿಯೂ ಕೆಂಪೂ ಕೂಡಿ ಅವನ ಮುಖ ಭೂಪಟದಂತಾಯಿತು. ಭೀಮಸಿ ಎರಡೂ ಸರ್ವಿಸ್ ಬುಕ್ಕುಗಳನ್ನು ಎದೆಗವಚಿಕೊಂಡು ಮೇಜಿನ ಕೆಳಗೆ ಕೂತಿದ್ದ.

“ಸೋಮವಾರದೊಳಗ ಪುರಾವೆ ತರ್ರಿ!” ಎಂದು ಅಲ್ಲಿಂದಲೇ ಅರಚಿದ. “ಯಾರು ಹಿರ್ಯಾರಂತ ಪುರಾವೆ ತರ್ರಿ! ಪೊಲೀಸ್ರು ಬಂದ್ರ ಇಬ್ರ ಹೆಸ್ರೂ ಹೊಡದ ಹಾಕತೇನಿ ಮತ್ತ!”

ಪೊಲೀಸ್ ಎಂಬ ಮಾತು ಕೇಳಿ ಇಬ್ಬರ ಕೈಗಳೂ ಗಾಳಿಯಲ್ಲೇ ನಿಂತವು.

ಜಿನ್ನಪ್ಪನ ಮನೆಯಲ್ಲಿ ಹೆಂಡತಿ ಕಮಲಾಬಾಯಿ ಅವನ ತಲೆಗೆ ಅರಿಷಿಣ ಮೆತ್ತುತ್ತ, “ಹೊಡದಾಡಿ ಯಾರು ಹಿರ್ಯಾರಂತ ಗೊತ್ತಾಗತೈತೇನ್ರಿ? ಎಮ್ಮಿ ಹಲ್ಲು ನೋಡಿ ವಯಸ್ಸು ಹೇಳತಾರ, ನಿಮಗ ಅದೂ ಇಲ್ಲದಾಂಗಾತು,” ಎಂದಳು. ಅವನ ಬಾಯಲ್ಲಿ ಎರಡು ಹಲ್ಲು ಅಲುಗಾಡುತ್ತಿದ್ದವು. “ಅತ್ತಿಯವರ ಟ್ರಂಕಿನ್ಯಾಗ ನಿಮ್ಮ ಜನ್ಮಪತ್ರಿ ಐತಲ್ಲ? ನಮ್ಮ ಲಗ್ನದಾಗ ತೋರ್ಸಿದ್ರು.”

ಜಿನ್ನಪ್ಪ ಜಿಗಿದೆದ್ದ. “ಕರೇನ! ನನಗ್ಯಾಕ ನೆನಪಾಗ್ಲಿಲ್ಲ?”

“ತಲಿಗೆ ಪೆಟ್ಟು ಬಿದ್ರ ನೆನಪು ಬರತೈತಿ ಅಂತ ಗೊತ್ತಿದ್ರ ನಾನ ಮದ್ಲ ಹೊಡೀತಿದ್ದೆ.”

ಶನಿವಾರ ಶಾಲೆ ಬಿಟ್ಟ ಮೇಲೆ ಅವನು ಸೈಕಲ್ಲು ತುಳಿದು ಜುಗೂಳಕ್ಕೆ ಹೋದ. ತಾಯಿ ಲಕ್ಷ್ಮಿಬಾಯಿ ಟ್ರಂಕಿನ ತಳದಿಂದ ಕೆಂಪು ಬಟ್ಟೆಯಲ್ಲಿ ಸುತ್ತಿದ ಸುರುಳಿ ತೆಗೆದು ಕೊಟ್ಟಳು. ಹಳದಿ ಹಾಳೆ, ಕಂದು ಮಸಿ, ಮರಾಠಿಯ ಹಳೆಯ ಮೋಡಿ ಲಿಪಿ. ಮೊಘಲರ ಇಪ್ಪತ್ತು ಬಾದಶಹರನ್ನು ಹುಟ್ಟಿದ ದಿನ, ಸತ್ತ ದಿನ ಸಹಿತ ಒಂದೇ ಉಸಿರಿಗೆ ಹೇಳುವ ಜಿನ್ನಪ್ಪನಿಗೆ ಮೋಡಿಯ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅವನಿಗೆ ಅದು ಇರುವೆಗಳ ಸಾಲಿನಂತೆ ಕಂಡಿತು.

“ನೀನ ಹಿರ್ಯಾ,” ಎಂದಳು ತಾಯಿ. “ನಿನ್ನ ತೊಟ್ಟಿಲಿಗೆ ಹಾಕಿದಾಗ ಮಲಕಾರಿ ಅವ್ವ ಕೆಂಪವ್ವ ಬಂದಿದ್ಲು, ತುಂಬಿದ ಬಸರಿ. ಕೂತಾಕಿ ಏಳಾಕ ನಾಕ ಮಂದಿ ಕೈ ಹಿಡದ್ರು.”

ಇನ್ನೇನು ಬೇಕು! ಜಿನ್ನಪ್ಪ ಸುರುಳಿಯನ್ನು ಬನಿಯನ್ನಿನೊಳಗೆ ಹೊಟ್ಟೆಗೆ ಅವಚಿ ಕಟ್ಟಿಕೊಂಡು, ಹಾಡುತ್ತ ಸೈಕಲ್ಲು ತುಳಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ಕಬ್ಬಿನ ಗದ್ದೆಯಿಂದ ಮಲಕಾರಿ ಹೊರಬಿದ್ದು ಸೈಕಲ್ಲಿನ ಹಿಂದಿನ ಗಾಲಿಗೆ ಕಬ್ಬಿನ ಗಳ ತೂರಿದ. ಜಿನ್ನಪ್ಪ ಹಾರಿದ್ದು ಎಷ್ಟು ಎತ್ತರವೆಂದರೆ ಕೆಳಗೆ ಕೃಷ್ಣಾ ಹೊಳೆಯ ಎರಡು ತಿರುವು ಕಾಣಿಸಿದವು. ಬಿದ್ದದ್ದು ಮಾತ್ರ ಬೋರಲಾಗಿ, ಜಲ್ಲಿಯ ಮೇಲೆ. ಮುಂದಿನ ಎರಡು ಹಲ್ಲು ಅಲ್ಲೇ ಉದುರಿದವು. ಕುಡಚಿ ಸ್ಟೇಷನ್ನಿನ ಗಂಟೆ ಬಾರಿಸಿದ್ದು ಅವುಗಳಲ್ಲೇ ಒಂದು.

“ತಗೀಲೇ, ಏನೋ ತಂದೀಯಂತ,” ಎಂದ ಮಲಕಾರಿ. ಓಣಿಯ ಸುದ್ದಿ ಸೈಕಲ್ಲಿಗಿಂತ ಮೊದಲೇ ಓಡಿತ್ತು.

“ಜೀವಾ ತಗೀ. ಇದನ್ನ ತಗ್ಯಾಕ ಆಗಂಗಿಲ್ಲ.”

ಮಲಕಾರಿ ಅವನ ಬೆನ್ನ ಮೇಲೆ ಕೂತು ಗುದ್ದತೊಡಗಿದ. ಒಂದೊಂದು ಗುದ್ದು ತೆಂಗಿನಕಾಯಿ ಕುಟ್ಟಿದ ಹಾಗೆ. ಜಿನ್ನಪ್ಪ ಮೊಣಕಾಲುಗಳನ್ನು ಹೊಟ್ಟೆಗೆ ಮಡಚಿ ಸುರುಳಿಯ ಮೇಲೆ ಆಮೆಯಾಗಿ ಮಲಗಿದ. ನೂರು ಗುದ್ದು ತಿಂದ. ನೂರಾ ಒಂದನೆಯದಕ್ಕೆ ಮಲಕಾರಿಯ ಮುಂಗೈ ಬಾಯಿಯ ಹತ್ತಿರ ಬಂತು, ಕಚ್ಚಿದ. ಉಳ್ಳಾಗಡ್ಡಿಯನ್ನೂ ಮುಟ್ಟದ ಬಾಯಿ ಅದು. ಬಿಸಿ ರಕ್ತ ನಾಲಿಗೆಗೆ ತಾಕಿದಾಗ ಅವನ ಏಳು ಪೀಳಿಗೆಯ ಹಿರಿಯರು ಮೇಲಿಂದ ಕೆಮ್ಮಿದ ಹಾಗಾಯಿತು. ಆದರೂ ಬಿಡಲಿಲ್ಲ, ಮಲಕಾರಿಯೇ ಚೀರುತ್ತ ಕೈ ಕಿತ್ತುಕೊಂಡು ಓಡಿದ. ಆ ಸಂಜೆ ಜಿನ್ನಪ್ಪ ನೂರೆಂಟು ಸಲ ಬಾಯಿ ಮುಕ್ಕಳಿಸಿ, ಎರಡು ದಿನ ಉಪವಾಸ ಮಾಡಿದ. ಉಣ್ಣಲು ದವಡೆಯೂ ಏಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಸೋಮವಾರ ಮಲಕಾರಿ ಕಾಗದ ಗೀಗದ ಏನೂ ತರಲಿಲ್ಲ; ತಾಯಿ ಕೆಂಪವ್ವನನ್ನೇ ಕರೆತಂದಿದ್ದ. ಮುದುಕಿ ಕಂಬಳಿ ಹೊದ್ದು ಭೀಮಸಿಯ ಮೇಜಿನ ಮುಂದೆ ಕೂತಳು.

“ಮಗ ಯಾವಾಗ ಹುಟ್ಯಾನಬೇ?” ಎಂದು ಭೀಮಸಿ ಕೇಳಿದ.

“ತ್ವಾಳ ಹನ್ನೊಂದು ಕುರಿ ಹೊಡೀತಲ್ಲ, ಅವತ್ತ.”

“ತ್ವಾಳ ಯಾವ ತಾರೀಖಿಗೆ ಬಂದಿತ್ತು?”

“ಅದನ್ನ ತ್ವಾಳಾನ ಕೇಳಪಾ. ನಾ ಹಡ್ಯಾಕತ್ತಿದ್ದೆ.”

“ಅದಕ್ಕ ಕಾಗದ ಏನಾದ್ರೂ ಐತೇನು?”

“ತ್ವಾಳಕ್ಕ ಎಲ್ಲಿ ಕಾಗದ? ನೀ ಓದಿದಾಂವ ಅದೀಯೋ, ಇಲ್ಲೋ?”

ಜಿನ್ನಪ್ಪ ಹಲ್ಲಿಲ್ಲದ ಬಾಯಿಂದ ನಕ್ಕು, ರಕ್ತದ ಕಲೆ ಬಿದ್ದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದ. ಭೀಮಸಿ ಹಳೆಯ ಕಾಲದ ಕಾರಕೂನ, ಮೋಡಿ ಬಲ್ಲವ. ಕನ್ನಡಕ ಏರಿಸಿ ಬೆರಳಿಟ್ಟು ಓದಿದ. ಓದುತ್ತ ಓದುತ್ತ ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಜಿನ್ನಪ್ಪ ಸರ, ಇದನ್ನ ಯಾರಿಗೆ ತೋರ್ಸೀರಿ?”

“ಯಾರಿಗೂ ಇಲ್ಲ. ಯಾಕ? ನಾ ಹಿರ್ಯಾ ಅದೀನಲ್ಲ?”

“ಹಿರ್ಯಾರ ಅದೀರಿ. ಭಾಳ ಹಿರ್ಯಾರ ಅದೀರಿ. ಶಕೆ ಹದಿನೆಂಟುನೂರಾ ಅರವತ್ತೇಳು, ಪಾರ್ಥಿವ ಸಂವತ್ಸರ, ಚೈತ್ರ. ಅಂದ್ರ ನಲವತ್ತೈದನೇ ಇಸ್ವಿ. ನೌಕರಿಗೆ ಬಂದಾಗ ನಿಮಗ ಇಪ್ಪತ್ತೊಂಬತ್ತು. ಇಪ್ಪತ್ತೆಂಟು ದಾಟಿದಾವ್ರನ್ನ ತಗೋಬಾರ್ದಂತ ಮಂಡಳಿ ಕಾಯದಾ ಐತಿ.” ಭೀಮಸಿ ಕನ್ನಡಕ ತೆಗೆದ. “ಲೆಕ್ಚರರ್ ಬಿಡ್ರಿ ಸರ, ನಿಮ್ಮ ಮಾಸ್ತರ್ಕಿನ ಖೊಟ್ಟಿ. ಇದರ ಮ್ಯಾಲೆ ನಾ ಕಾಗದ ಬಂದು ಮುಟ್ಟೇತಂತ ಆವಕ ಶಿಕ್ಕಾ ಹೊಡದ್ನಿ ಅಂದ್ರ ನೀವು ಇವತ್ತ ಮನಿಗೆ.”



“ಮತ್ತ ಇಂವಾ?” ಎಂದು ಜಿನ್ನಪ್ಪ ಮಲಕಾರಿಯ ಕಡೆ ಕೈ ಮಾಡಿದ. “ಇವನೂ ಅದ ವರ್ಷ ಹುಟ್ಟಿದಾಂವ!”

“ಅವರದು ಕಾಗದ ಇಲ್ಲರಿ. ತ್ವಾಳಕ್ಕ ನಾ ಶಿಕ್ಕಾ ಹೊಡ್ಯಾಕ ಬರಂಗಿಲ್ಲ. ಶಿಕ್ಕಾ ಬೀಳೂತನಕ ಈ ಕಾಗದಾನೂ ನಾ ನೋಡಿಲ್ಲ ಅನ್ಕೋರಿ.”

ಆಗ ಜಿನ್ನಪ್ಪನೂ ಮಲಕಾರಿಯೂ ಒಟ್ಟಿಗೇ ಮೇಜಿನ ಕಡೆ ನೋಡಿದರು. ಒಂದು ಕಡೆ ಸುರುಳಿ. ಅದರ ಪಕ್ಕದಲ್ಲಿ ಮರದ ಹಿಡಿಕೆಯ ಶಿಕ್ಕಾ, ಮಸಿ ಹಚ್ಚಿ ತಯಾರಿದ್ದದ್ದು.

ಮೊನ್ನೆಯಷ್ಟೇ ಜೀವ ಕೊಟ್ಟು ಕಾಪಾಡಿದ ಕಾಗದವನ್ನು ಹರಿಯಲು ಜಿನ್ನಪ್ಪ ಹಾರಿದ. ಮೊನ್ನೆಯಷ್ಟೇ ಹರಿಯಲು ಬಂದಿದ್ದ ಮಲಕಾರಿ ಅದನ್ನು ಕಾಪಾಡಲು ಹಾರಿದ. ಮೇಜು ಎರಡು ಹೋಳಾಯಿತು. ಮಲಕಾರಿ ಒಂದು ಕೈಯಲ್ಲಿ ಸುರುಳಿ, ಇನ್ನೊಂದು ಕೈಯಲ್ಲಿ ಶಿಕ್ಕಾ ಹಿಡಿದು ಕುಟ್ಟಲು ಹೋದ. ಜಿನ್ನಪ್ಪ ನಡುವೆ ತಲೆ ಕೊಟ್ಟ. ಶಿಕ್ಕಾ ಬೋಳುತಲೆಯ ಮೇಲೆ ಬಿದ್ದು ‘ಆವಕ’ ಎಂದು ದುಂಡಗೆ ಮೂಡಿತು. ಇನ್ನೊಮ್ಮೆ ಕುಟ್ಟಿದ, ಕೆನ್ನೆಯ ಮೇಲೆ ಆವಕ. ಮೂರನೆಯದಕ್ಕೆ ಶಿಕ್ಕಾದ ಹಿಡಿಕೆ ಮುರಿದು ಅದರ ಸಿಬಿರು ಜಿನ್ನಪ್ಪನ ಹಣೆಯಲ್ಲಿ ನೆಟ್ಟಿತು. ಕೆಂಪವ್ವ ಕೂತಲ್ಲಿಂದಲೇ, “ಕಣ್ಣಿಗೆ ಹೊಡೀಬ್ಯಾಡ್ರೋ, ಓದಿದ ಕಣ್ಣು ಅದಾವು!” ಎಂದು ಕೂಗಿದಳು.

ಮಲಕಾರಿ ಸುರುಳಿ ಹಿಡಿದು ಹೊರಗೆ ಓಡಿದ. ಇಲ್ಲಿ ಶಿಕ್ಕಾ ಮುರಿದರೇನು, ಅಥಣಿಯ ಶಿಕ್ಷಣ ಕಚೇರಿಯಲ್ಲಿ ಬೇರೆ ಇದೆಯಲ್ಲ! ಜಿನ್ನಪ್ಪ ಬೆನ್ನು ಹತ್ತಿದ. ಅವರು ಸಂತೆಯ ನಡುವೆ ಹಾದಾಗ ಬದನೆಕಾಯಿ ಬುಟ್ಟಿಗಳು ಆಕಾಶ ಕಂಡವು. ಒಂದು ಟ್ರ್ಯಾಕ್ಟರು ಹೆದರಿ ತಾನಾಗಿಯೇ ಹಿಂದಕ್ಕೆ ಸರಿಯಿತು. ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಜಿನ್ನಪ್ಪ ಅವನನ್ನು ಹಿಡಿದ. ಇಬ್ಬರೂ ಉರುಳುರುಳಿ ಇಪ್ಪತ್ತೆರಡು ಮೆಟ್ಟಿಲು ಇಳಿದು ಕೆಸರಿಗೆ ಬಿದ್ದರು. ಮಲಕಾರಿ ಮೇಲೆ ಬಂದು ಜಿನ್ನಪ್ಪನ ಮುಖವನ್ನು ನೀರಿನಲ್ಲಿ ಅದುಮಿದ. ಸೋಸದ ನೀರು ಮೂಗು ಬಾಯಿ ತುಂಬಿ, ಎದೆಯಲ್ಲಿ ಬೆಂಕಿ ಹತ್ತಿತು. ಕಣ್ಣ ಮುಂದೆ ಹಸಿರು, ಆಮೇಲೆ ಕಪ್ಪು. ಆಗ ಅವನ ಕೈಗೆ ಮಲಕಾರಿಯ ಬಲ ಮೊಣಕೈ ಸಿಕ್ಕಿತು. ಎರಡೂ ಕೈಯಿಂದ ಹಿಡಿದು, ಹದಿನಾಲ್ಕು ವರ್ಷದ ಕಸುವನ್ನೆಲ್ಲ ಹಾಕಿ ತಿರುವಿದ.

ಇಲ್ಲಿ ಮಾತ್ರ ಏನನ್ನೂ ಸೇರಿಸಿ ಹೇಳಬೇಕಾಗಿಲ್ಲ. ಒಣಗಿದ ಕಬ್ಬು ಮುರಿದಂಥ ಸಪ್ಪಳ. ಆಮೇಲೆ ಮಲಕಾರಿ ಕೂಗಲಿಲ್ಲ. ಬಾಯಿ ತೆರೆದು ಕೆಸರಿನಲ್ಲಿ ಕೂತು, ಹಿಂದುಮುಂದಾಗಿ ಜೋತುಬಿದ್ದ ತನ್ನ ಕೈಯನ್ನು, ಚರ್ಮ ಹರಿದು ಹೊರಬಂದ ಬಿಳಿಯ ಎಲುಬಿನ ತುದಿಯನ್ನು ನೋಡುತ್ತಿದ್ದ. ಸುರುಳಿ ನೀರಿನ ಮೇಲೆ ತೇಲಿ, ಬಿಚ್ಚಿಕೊಂಡು, ಮಸಿ ಬಿಡುತ್ತ ಸೆಳವಿಗೆ ಸಿಕ್ಕಿ ಹೋಯಿತು. ಜಿನ್ನಪ್ಪನಿಗೆ ಅದರ ಕಡೆ ಲಕ್ಷ್ಯವೇ ಹೋಗಲಿಲ್ಲ.

“ಜಿನ್ನ್ಯಾ,” ಎಂದ ಮಲಕಾರಿ ಮೆಲ್ಲಗೆ. “ಬರಿಯೂ ಕೈ ಲೇ ಇದು.”

ಜಿನ್ನಪ್ಪನೇ ಅವನನ್ನು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಅಥಣಿಯ ದವಾಖಾನೆಗೆ ಒಯ್ದ. ದಾರಿಯುದ್ದಕ್ಕೂ ಮುರಿದ ಕೈಯನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ. ಜೀಪು ಕುಣಿದಾಗಲೆಲ್ಲ ಮಲಕಾರಿ ಎಡಗೈಯಿಂದ ಅವನ ಕತ್ತಿಗೆ ಗುದ್ದುತ್ತಿದ್ದ. ಜಿನ್ನಪ್ಪ ಕತ್ತು ಸರಿಸಲಿಲ್ಲ.

ಡಾಕ್ಟರು ಎಲುಬು ಕೂಡಿಸಿ ಹೆಗಲಿನಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕಿದರು. ಆಮೇಲೆ ಕಾಗದ ತೆಗೆದು, “ಹೆಂಗಾತು? ಹೊಡದಾಟ ಇದ್ರ ಪೊಲೀಸರಿಗೆ ತಿಳಸಬೇಕಾಗತೈತಿ,” ಎಂದರು.

ಮಲಕಾರಿ ಜಿನ್ನಪ್ಪನ ತಲೆಯ ಮೇಲಿನ ಆವಕ ಶಿಕ್ಕಾವನ್ನೇ ನೋಡಿ, “ಹೊಳಿ ಪಾವಟಗಿ ಮೆಟ್ಲ ಮ್ಯಾಲಿಂದ ಬಿದ್ನಿರಿ,” ಎಂದ.

ಡಾಕ್ಟರು ಹೋದ ಮೇಲೆ ಹೇಳಿದ, “ಈಗ ಬರಿ.”

“ಏನ ಬರೀಲಿ?”

“ಮಲಕಾರಿ ನನಗಿಂತ ಹಿರ್ಯಾ ಅಂತ ಬರಿ. ಬರೀತಿಯೋ, ಡಾಕ್ಟರ್ನ ಹೊಳ್ಳಿ ಕರೀಲೋ?”

“ಕರೀ. ನನ್ನ ಮೈಮ್ಯಾಲೂ ಗುರ್ತು ಅದಾವು. ಇಬ್ರೂ ಹೋಗೂಣು,” ಎಂದ ಜಿನ್ನಪ್ಪ. ಆದರೆ ಅವನ ಕಣ್ಣು ಪ್ಲಾಸ್ಟರಿನ ಮೇಲಿತ್ತು. ಬಿಳಿಯ ಸುಣ್ಣದೊಳಗಿಂದ ಕಂದು ಕಲೆ ಮೆಲ್ಲಗೆ ಹೊರಗೆ ಬರುತ್ತಿತ್ತು. ನಿಪ್ಪಾಣಿಯ ಮಣೆ, ಮಾವನ ಕೂಗು ಒಂದು ಸಲ ಅವನ ಕಣ್ಣ ಮುಂದೆ ಬಂದು ಹೋದವು. ಕಿಸೆಯಿಂದ ಪೆನ್ನು ತೆಗೆದ.

“ಎಷ್ಟು ಹಿರ್ಯಾ ಅಂತ ಬರೀಲಿ? ಒಂದು ದಿನ ಅಂದ್ರೂ ತಾರೀಖು ಬದಲಾಗತೈತಿ. ಭೀಮಸಿ ನಿನ್ನ ಬುಕ್ಕೂ ಖೊಟ್ಟಿ ಅಂತಾನ.”

ಇಬ್ಬರೂ ಎಂ.ಎ. ಓದಿದವರಲ್ಲವೇ, ತಲೆಗೆ ತಲೆ ಹಚ್ಚಿ ವಿಚಾರ ಮಾಡಿದರು. ಕೊನೆಗೆ ಬರೆದದ್ದು ಹೀಗೆ: ‘ನಾವಿಬ್ಬರೂ ದಿನಾಂಕ 1-6-1948ರಂದು ಜುಗೂಳ ಮುಕ್ಕಾಮಿನಲ್ಲಿ ಜನಿಸಿದ್ದು ಖರೆ. ಶ್ರೀ ಮಲಕಾರಿಯವರು ಮುಂಜಾನೆ ಆರು ತಾಸಿಗೂ, ನಾನು ಏಳು ತಾಸಿಗೂ ಜನಿಸಿದ್ದೇವೆ. ಈ ಸಬಬಿನಿಂದ ಅವರೇ ಹಿರಿಯರು. ಇದಕ್ಕೆ ನನ್ನ ತಕರಾರು ಇರುವುದಿಲ್ಲ.’

ಮಲಕಾರಿಯ ಅರ್ಜಿಯನ್ನೂ ಜಿನ್ನಪ್ಪನೇ ಬರೆಯಬೇಕಾಯಿತು. ಎಂಟು ವರ್ಷದಿಂದ ತನ್ನ ಹೆಸರಿಗಾಗಿ ಮನಸ್ಸಿನಲ್ಲಿ ತಿದ್ದಿ ತೀಡಿಟ್ಟಿದ್ದ ಮುತ್ತಿನಂಥ ಅರ್ಜಿ ಅದು. ಒಂದಕ್ಷರವೂ ಬಿಡದೆ ಬರೆದ, ಹೆಸರು ಮಾತ್ರ ಬೇರೆ. ಎಡಗೈಯಿಂದ ಮಲಕಾರಿ ಸಹಿ ಮಾಡಲು ಹೋದರೆ ಅದು ಜಗಳಗಂಟ ಚೇಳುಗಳ ಹಾಗೆ ಬಂತು. ಭೀಮಸಿ ಮಾರನೆಯ ದಿನ ಅದನ್ನು ಹಿಂದಕ್ಕೆ ತಳ್ಳಿದ.

“ಬುಕ್ಕಿನ್ಯಾಗಿನ ಸಹಿಗೆ ಇದು ಕೂಡಂಗಿಲ್ಲ. ಹೆಬ್ಬೆಟ್ಟು ಒತ್ತಿಸ್ರಿ.”

“ಎಂ.ಎ. ಆದಾಂವ ಹೆಬ್ಬೆಟ್ಟು ಒತ್ತಬೇಕೇನೋ?” ಎಂದು ಮಲಕಾರಿ ಗುಡುಗಿದ.

“ಎಂ.ಎ. ಬೇಕಂತ ಕಾಯದಾ ಐತಿ. ಹೆಬ್ಬೆಟ್ಟು ಬ್ಯಾಡಂತ ಎಲ್ಲೂ ಇಲ್ಲರಿ.”

ಹೀಗೆ ಭೂಮಂಡಲದಲ್ಲಿ ಹೆಬ್ಬೆಟ್ಟು ಒತ್ತಿ ಇತಿಹಾಸದ ಲೆಕ್ಚರರ್ ಆದವನು ಮಲಕಾರಿ ಒಬ್ಬನೇ.

ಜುಲೈ ತಿಂಗಳಲ್ಲಿ ಕಾಲೇಜು ಶುರುವಾಯಿತು. ಮಲಕಾರಿಯ ಕೈ ಇನ್ನೂ ಪ್ಲಾಸ್ಟರಿನಲ್ಲಿ, ಹಲಗೆಯ ಮೇಲೆ ಬರೆಯಲು ಬಾರದು. ಹೆಡ್‌ಮಾಸ್ತರರು ಆರ್ಡರು ಹೊರಡಿಸಿದರು: ಮೂರನೆಯ ತಾಸು ಬಿಡುವಿರುವ ಜಿನ್ನಪ್ಪ ಮಾಸ್ತರರು ಹೋಗಿ ಬರೆದುಕೊಡತಕ್ಕದ್ದು.

ಜಿನ್ನಪ್ಪ ಹೋದ. ಮೂಲೆಯಲ್ಲಿ ಹಲಗೆಗೆ ಮುಖ ಮಾಡಿ ನಿಂತ. ಮಲಕಾರಿ ಹೇಳುತ್ತಿದ್ದ, ಅವನು ಬರೆಯುತ್ತಿದ್ದ. ನಿಧಾನವಾದರೆ ಪ್ಲಾಸ್ಟರಿನ ಕೈ ಬಂದು ಬೆನ್ನಿಗೆ ಬಡಿಯುತ್ತಿತ್ತು. ಆ ಸುಣ್ಣದ ತೊಲೆಯ ಪೆಟ್ಟಿಗೆ ಜಿನ್ನಪ್ಪನ ಪಕ್ಕೆಲುಬುಗಳು ಗೊಂದಲಿಗರ ಸಂಬಾಳದ ಹಾಗೆ ನುಡಿಯುತ್ತಿದ್ದವು. ಬೇಗ ಬರೆದರೆ, ಅಕ್ಷರ ಕೆಟ್ಟಿತೆಂದು ಇನ್ನೊಂದು.

ಮೂರನೆಯ ದಿನ ಮುಂದಿನ ಬೆಂಚಿನ ಸುಂದರಾ ಎಂಬ ಹುಡುಗಿ ಎದ್ದು ನಿಂತಳು. ಐನಾಪುರದ ಹುಡುಗಿಯರ ನಾಲಿಗೆಗೆ ಬೇಲಿಯಿಲ್ಲ.

“ಸರ, ಒಂದು ಕೇಳ್ಲಿರಿ? ಹೇಳಾವ್ರು ನೀವ, ಬರ್ಯಾವ್ರು ಅವ್ರ. ನಿಮ್ಮಿಬ್ರಾಗ ಲೆಕ್ಚರರ್ ಯಾರ್ರಿ?”

ಅರವತ್ತು ತಲೆಗಳು ಜಿನ್ನಪ್ಪನ ಬೆನ್ನಿನ ಕಡೆ ತಿರುಗಿದವು. ಸೀಮೆಸುಣ್ಣದ ಖಡುವಿನ ತುದಿ ಹಲಗೆಯ ಮೇಲೆ ನಿಂತಿತು. ಮಲಕಾರಿ ಪ್ಲಾಸ್ಟರಿನ ಕೈಯನ್ನು ಅರ್ಧ ಎತ್ತಿದವನು ಹಾಗೆಯೇ ಕಾದ.

ಜಿನ್ನಪ್ಪ ತಿರುಗಲಿಲ್ಲ. ಎಲುಬು ಮುರಿದ ದಿನಕ್ಕಿಂತ ಹೆಚ್ಚಿನ ಕಸುವು ಹಾಕಿ, ನಲವತ್ಮೂರು ವರ್ಷದಲ್ಲಿ ಮೊದಲ ಸಲ, ‘ಲೇ’ ಎನ್ನುವುದನ್ನು ನುಂಗಿಕೊಂಡ.

“ಮುಂದ ಹೇಳ್ರಿ ಸರ,” ಎಂದ.

ಮಲಕಾರಿಯ ಕೈ ತಾನಾಗಿ ಕೆಳಗಿಳಿಯಿತು. “ಪಾಣಿಪತದ ಮೂರನೇ ಯುದ್ಧ,” ಎಂದ. ಜಿನ್ನಪ್ಪ ಬರೆದ. ‘ಯುದ್ಧ’ದ ಒತ್ತಕ್ಷರಕ್ಕೆ ಎಷ್ಟು ಜೋರು ಕೊಟ್ಟನೆಂದರೆ, ಖಡು ಹಲಗೆಯನ್ನು ಸೀಳಿ, ಹಿಂದಿನ ಗೋಡೆಯನ್ನು ತೂರಿ, ಆಚೆ ಎಂಟನೆಯ ಇಯತ್ತೆಯಲ್ಲಿ ಸುಮ್ಮನೆ ಲೆಕ್ಕ ಮಾಡುತ್ತಿದ್ದ ಹುಡುಗನ ಪಾಟಿಯನ್ನು ಒಡೆದುಹಾಕಿತು.